ಸಾಕ್ಸ್ ಒಳಗೆ ಹವಳ

ಅಂಡಮಾನ್ ಫೋಟೋ ಎಲ್ಲಿ ಅಂತ ಎಲ್ಲರೂ ಕೇಳುತ್ತಿದ್ದೀರಿ. ಹಾಕುತ್ತೇನೆ. ಮೊದಲು ಸಿಟ್ಟು ಇಳಿಯಲಿ.

ಪೋರ್ಟ್ ಬ್ಲೇರ್ ವಿಮಾನ ನಿಲ್ದಾಣದಲ್ಲಿ ನಮ್ಮ ಮುಂದೆ ಒಂದು ಸಂಸಾರ ನಿಂತಿತ್ತು. (2024ರಿಂದ ಊರಿನ ಹೆಸರು ಶ್ರೀ ವಿಜಯಪುರಂ. ನನ್ನ ಬಾಯಿಗೆ ಇನ್ನೂ ಬಂದಿಲ್ಲ.) ಮಾತು ಕಿವಿಗೆ ಬಿದ್ದ ಕೂಡಲೇ ಗೊತ್ತಾಯಿತು, ನಮ್ಮ ಕಡೆಯವರೇ. ಅವರ ಬ್ಯಾಗ್ ಸ್ಕ್ಯಾನರ್‌ನಲ್ಲಿ ನಿಂತಿತು. ಬಿಚ್ಚಿಸಿದರು. ಸೀರೆ ಮಡಿಕೆಯಲ್ಲಿ ಹವಳದ ತುಂಡು. ಸಾಕ್ಸ್ ಒಳಗೆ ಹವಳದ ತುಂಡು. ಮಗುವಿನ ಟಿಫಿನ್ ಡಬ್ಬಿ ತೆಗೆದರೆ ಅದರಲ್ಲೂ ಅದೇ. ಸಾಕ್ಸ್ ಒಳಗೆ ಇಟ್ಟವರಿಗೆ ಇದು ತಪ್ಪು ಅಂತ ಗೊತ್ತಿರಲಿಲ್ಲ ಅಂತ ಯಾರೂ ನನಗೆ ಹೇಳಬೇಡಿ. ಗೊತ್ತಿಲ್ಲದವರು ಕೈಯಲ್ಲಿ ಹಿಡಿದುಕೊಂಡು ಬರುತ್ತಾರೆ.

ಆ ಯಜಮಾನರು ಶುರು ಮಾಡಿದರು. "ಬೀಚ್‌ನ್ಯಾಗ ಬಿದ್ದಿತ್ರೀ ಸರ. ಒಂದು ಕಲ್ಲಿಗೆ ಇಷ್ಟ್ಯಾಕ?" ಕನ್ನಡ ನಡೆಯಲಿಲ್ಲ ಅಂತ ಹಿಂದಿಯಲ್ಲಿ ಅದನ್ನೇ ಹೇಳಿದರು. ನಾನು ಹಿಂದಿನಿಂದ "ಅದು ಕಲ್ಲಲ್ಲ ಸರ್" ಅಂದೆ. ಕನ್ನಡದಲ್ಲೇ. ಅವರು ತಿರುಗಿ ನೋಡಿದ ನೋಟ ಇದೆಯಲ್ಲ, ಅಬ್ಬಾ. ನಮ್ಮ ಮನೆಯವರು ನನ್ನ ಮೊಣಕೈ ಹಿಡಿದು "ಸುಮ್ಕಿರು, ಊರ ಉಸಾಬರಿ ಯಾಕೆ" ಅಂದರು. ಮದುವೆಯಾದಾಗಿನಿಂದ ಅವರು ಹೇಳುತ್ತಲೇ ಇದ್ದಾರೆ, ನಾನು ಕೇಳಿಸಿಕೊಳ್ಳುತ್ತಲೇ ಇದ್ದೇನೆ.

ನಾನು ಬಳ್ಳಾರಿ ಜಿಲ್ಲೆಯ ಸಂಡೂರಿನ ಮಗಳು ಅಂತ ನಿಮಗೆಲ್ಲ ಗೊತ್ತು. ಒಂದು ಕಲ್ಲು ತಾನೆ ಅಂತ ಅನ್ನಿಸಿಕೊಂಡೇ ಕಬ್ಬಿಣದ ಅದಿರಿನ ಗಣಿಗೆ ಬರಿದಾದ ಗುಡ್ಡಗಳ ಊರು ಅದು. ಬೇರೆ ಜಿಲ್ಲೆಯವರು ಹಾಗಂದಿದ್ದರೆ ಬಿಟ್ಟುಬಿಡುತ್ತಿದ್ದೆನೇನೋ. ನಮ್ಮವರ ಬಾಯಲ್ಲಿ, ಅದೂ ನಡುಸಮುದ್ರದ ದ್ವೀಪದಲ್ಲಿ ಕೇಳಬೇಕಾಯಿತು.

ಕೊನೆಯ ದಿನಗಳನ್ನು ನಾವು ನೀಲ್ ದ್ವೀಪದಲ್ಲಿ ಕಳೆದೆವು. ಅದಕ್ಕೂ 2018ರಲ್ಲಿ ಶಹೀದ್ ದ್ವೀಪ ಅಂತ ಹೆಸರಿಟ್ಟಿದ್ದಾರೆ. ಮಕ್ಕಳು ಅತ್ತೆ ಹತ್ತಿರ. ಇಬ್ಬರೇ. ಬೆಳಗ್ಗೆ ಐದಕ್ಕೆಲ್ಲ ಬೆಳಕು ಹರಿಯುತ್ತದೆ, ಸಂಜೆ ಐದೂವರೆಗೆ ಕತ್ತಲೆ. ಗಡಿಯಾರ ನಮ್ಮದು, ಸೂರ್ಯ ಬರ್ಮಾದವನು. ಅಲ್ಲಿ ಭತ್ತ, ತರಕಾರಿ ಬೆಳೆಯುವವರು ಹೆಚ್ಚಿನವರು ಪೂರ್ವ ಬಂಗಾಳದಿಂದ ನಿರಾಶ್ರಿತರಾಗಿ ಬಂದವರ ಮಕ್ಕಳು, ಮೊಮ್ಮಕ್ಕಳು. ನಮ್ಮ ಸಿಂಧನೂರಿನ ಪುನರ್ವಸತಿ ಶಿಬಿರದ, ಅಂದರೆ ಆರ್‌.ಎಚ್‌. ಕ್ಯಾಂಪ್‌ನವರ ಹಾಗೆಯೇ. ಚಹಾದಂಗಡಿಯ ಅಕ್ಕನಿಗೆ ನಮ್ಮ ಕಡೆಯೂ ನಿಮ್ಮವರಿದ್ದಾರೆ, ಭತ್ತ ಬೆಳೆಯುತ್ತಾರೆ, ದುರ್ಗಾ ಪೂಜೆ ಮಾಡುತ್ತಾರೆ ಅಂತ ಹೇಳಿದೆ. ಚಹಾಕ್ಕೆ ದುಡ್ಡೇ ತೆಗೆದುಕೊಳ್ಳಲಿಲ್ಲ.

ಲಕ್ಷ್ಮಣಪುರ ಬೀಚ್‌ನಲ್ಲಿ ಕಲ್ಲಿನ ಸೇತುವೆ ಇರುವ ಕಡೆ ಇಳಿತದ ಹೊತ್ತಿಗೆ ಹೋಗಬೇಕು. ನೀರು ಹಿಂದೆ ಸರಿದು ಗುಂಡಿಗಳಲ್ಲಿ ಮಾತ್ರ ಉಳಿದಿರುತ್ತದೆ. ಒಳಗೆ ಏಡಿ, ಸಮುದ್ರ ಸೌತೆ, ಜೀವಂತ ಹವಳ. ಗೈಡ್ ಹುಡುಗ ಕಾಲಿಡುವ ಜಾಗ ತೋರಿಸಿ ತೋರಿಸಿ ನಡೆಸಿದ. ಅವನ ಬೆನ್ನ ಹಿಂದೆಯೇ ಜನ ಬಗ್ಗಿ ಬಗ್ಗಿ ಚೀಲ ತುಂಬುತ್ತಿದ್ದರು. ಅವನು ಬೇಡ ಅಂದರೆ ನಗುತ್ತಿದ್ದರು. ಸಿಟ್ಟು ಶುರುವಾದದ್ದೇ ಅಲ್ಲಿ. ವಿಮಾನ ನಿಲ್ದಾಣದಲ್ಲಿ ಹೊರಗೆ ಬಂತು, ಅಷ್ಟೆ.

ಸಣ್ಣ ಸಣ್ಣ ಜೀವಿಗಳು ಸುಣ್ಣ ಕೂಡಿಸಿ ಕಟ್ಟಿದ್ದು ಹವಳ. ಗುಂಡಾಗಿ ಬೆಳೆಯುವ ಜಾತಿ ವರ್ಷಕ್ಕೆ ಒಂದು ಸೆಂಟಿಮೀಟರ್ ಬೆಳೆದರೆ ಹೆಚ್ಚು. ಟಿಫಿನ್ ಡಬ್ಬಿಯಲ್ಲಿದ್ದ ತುಂಡಿಗೆ ಆ ಮಗುವಿಗಿಂತ ಜಾಸ್ತಿ ವಯಸ್ಸಾಗಿರಬಹುದು. 2004ರ ಭೂಕಂಪಕ್ಕೆ ಉತ್ತರ ಅಂಡಮಾನ್‌ನಲ್ಲಿ ನೆಲವೇ ಮೇಲೆದ್ದು, ಹವಳದ ದಂಡೆಗಳು ನೀರಿನಿಂದ ಹೊರಬಿದ್ದು ಸತ್ತವು. 2010ರಲ್ಲಿ ಸಮುದ್ರದ ನೀರು ಕಾದು ಇನ್ನಷ್ಟು ಬಿಳಿಚಿಕೊಂಡವು. ಅಷ್ಟು ಪೆಟ್ಟು ತಿಂದು ಉಳಿದದ್ದನ್ನು ಇವರು ಟಿವಿ ಪಕ್ಕ ಇಡುತ್ತಾರಂತೆ. ವನ್ಯಜೀವಿ ಕಾಯ್ದೆಯ ಮೊದಲ ಶೆಡ್ಯೂಲ್‌ನಲ್ಲಿ ಹುಲಿಯ ಜೊತೆ ಹವಳವೂ ಇದೆ. ಹುಲಿ ಉಗುರು ಅಂದರೆ ಹೆದರುತ್ತೀರಿ, ಇದಕ್ಕೆ ಮಾತ್ರ ಸಾಕ್ಸ್.

"ಸತ್ತು ದಡಕ್ಕೆ ಬಿದ್ದಿದ್ದನ್ನು ತಂದರೆ ಏನು ತಪ್ಪು?" ಅಂತ ಯಾರಾದರೂ ಕೇಳೇ ಕೇಳುತ್ತೀರಿ. ಸತ್ತ ತುಂಡಿನ ಮೇಲೆಯೇ ಹೊಸ ಹವಳ ಕೂತು ಬೆಳೆಯುತ್ತದೆ. ಅದು ಪುಡಿಯಾಗಿಯೇ ಆ ಬಿಳಿ ಮರಳಾಗಿದ್ದು, ನೀವು ಮಲಗಿ ಫೋಟೋ ತೆಗೆಸಿಕೊಂಡಿರಲ್ಲ, ಅದೇ ಮರಳು. ಇನ್ನೊಂದು ವಾದವೂ ಬರುತ್ತದೆ, ನಮ್ಮ ಮನೆಯವರದ್ದೇ: "ಹಡಗುಗಟ್ಟಲೆ ಲೂಟಿ ಹೊಡೆದವರನ್ನು ಬಿಟ್ಟು ಪಾಪದವರಿಗೆ ಯಾಕೆ ಬೈತೀ?"

ಹಡಗಿನ ಕಥೆ ನನಗೆ ಹೇಳಬೇಡಿ. ನಮ್ಮ ಅದಿರು ಚೀನಾಕ್ಕೆ ಹೋದ ಕಾಲದಲ್ಲಿ ನಾನು ಕಾಲೇಜಿನಲ್ಲಿದ್ದೆ. ಹಡಗಿಗೆ ತುಂಬಿದವರು ದೊಡ್ಡವರು, ಸರಿ. ಗುಡ್ಡದಿಂದ ಇಳಿಸಿದವರು ಯಾರು? ಜೋಳದ ಹೊಲ ಅಗೆಯೋಕೆ ಕೊಟ್ಟವರು, ಸುತ್ತಿಗೆ ಹಿಡಿದು ಅದಿರು ಒಡೆದವರು, ಪರ್ಮಿಟ್‌ನಲ್ಲಿ ಇದ್ದದ್ದಕ್ಕಿಂತ ಜಾಸ್ತಿ ತುಂಬಿದ ಟಿಪ್ಪರ್ ಓಡಿಸಿದವರು. ಬಡತನಕ್ಕೆ ಸುತ್ತಿಗೆ ಹಿಡಿದವರನ್ನು ನಾನು ಬೈಯುವುದಿಲ್ಲ. ಆದರೆ ಹೊಟ್ಟೆ ತುಂಬಿದವರೂ ಅದನ್ನೇ ಹೇಳುತ್ತಿದ್ದರು: ಗುಡ್ಡ ಎಲ್ಲಿ ಹೋಗುತ್ತೆ ಬಿಡಿ. ಹೋಯಿತಲ್ಲ! 2011ರಲ್ಲಿ ಲೋಕಾಯುಕ್ತ ವರದಿ ಬಂದು, ಸುಪ್ರೀಂ ಕೋರ್ಟ್ ಗಣಿ ನಿಲ್ಲಿಸುವ ಹೊತ್ತಿಗೆ ನಮ್ಮ ಹಿತ್ತಲಿನ ಕರಿಬೇವೂ ಕೆಂಪಾಗಿತ್ತು. ತೊಳೆದರೂ ಕೆಂಪೇ.

ಒಂದು ವಿಷಯ ಇಲ್ಲಿ ಎಂದೂ ಬರೆದಿಲ್ಲ. ಅಪ್ಪನಿಗೂ ಒಂದು ಲಾರಿ ಇತ್ತು. ಅದಿರಿನ ಬಾಡಿಗೆಯಲ್ಲೇ ನನ್ನ ಮದುವೆಯಾಯಿತು. ಈಗಲೂ ಕೊರಳಲ್ಲಿರುವ ಸರ ಆ ದುಡ್ಡಿನದೇ. ಅಪ್ಪನನ್ನು ಇದರ ಬಗ್ಗೆ ಕೇಳುವ ಧೈರ್ಯ ಬಂದಿಲ್ಲ. ಅವರಿಗೆ ಈಗ ಧೂಳಿನ ಕೆಮ್ಮು ಬೇರೆ. ಆದರೆ ಆ ಸರ ಹಾಕಿಕೊಂಡು ಲೈನ್‌ನಲ್ಲಿ ನಿಂತವಳಿಗೆ "ಒಂದು ಕಲ್ಲಿಗೆ ಇಷ್ಟ್ಯಾಕ" ಅನ್ನುವುದು ಎಲ್ಲಿ ಚುಚ್ಚುತ್ತದೆ ಅಂತ ನಮ್ಮ ಮನೆಯವರಿಗೆ ಗೊತ್ತು. ವಿಮಾನ ಹತ್ತಿದ ಮೇಲೆ ಅವರು ಏನೂ ಹೇಳಲಿಲ್ಲ, ಕಿಟಕಿ ಸೀಟು ಬಿಟ್ಟುಕೊಟ್ಟರು.

ತುಂಡುಗಳನ್ನೆಲ್ಲ ಅಲ್ಲೇ ತೆಗೆದಿಟ್ಟುಕೊಂಡರು. ಆ ಯಜಮಾನರು ಬೋರ್ಡಿಂಗ್ ಆಗುವವರೆಗೂ ನನ್ನನ್ನೇ ದುರುಗುಟ್ಟಿ ನೋಡುತ್ತಿದ್ದರು. ಹವಳ ಕಿತ್ತುಕೊಂಡದ್ದು ನಾನೇ ಅನ್ನುವ ಹಾಗೆ.

ಇಷ್ಟೆಲ್ಲ ಊರಿಗೆ ಬಂದು ನಾದಿನಿಗೆ ಹೇಳಿದೆ. ಅವರ ಸಂಸಾರ ದಸರಾ ರಜೆಗೆ ಅಲ್ಲಿಗೇ ಹೊರಟಿದೆ. ಎಲ್ಲ ಕೇಳಿ ಅವಳು ಹೇಳಿದ್ದೇನು ಗೊತ್ತಾ? "ಶೋಕೇಸ್‌ಗೆ ಒಂದೇ ಒಂದು ಸಣ್ಣದು ತರ್ತೀನಿ ಅತ್ತಿಗಿ."

ಅವಳನ್ನು ಇಲ್ಲಿ ಟ್ಯಾಗ್ ಮಾಡಿದ್ದೇನೆ.