ಅಮ್ಮ ಬಂದ್ಳು, ಅಪ್ಪ ಬಂದ್ರು

ನಾವು ಕೊಚ್ಚಿಗೆ ಬಂದು ಒಂಬತ್ತು ವರ್ಷಗಳಾದವು. ನಾಲ್ಕು ವರ್ಷದ ಮಗ ಹೊರಗೆ ಮಲಯಾಳಂ, ಒಳಗೆ ಕನ್ನಡ ಆಡುತ್ತಾನೆ. ಒಂದು ಸಂಜೆ ನಾನೂ ಹೆಂಡತಿಯೂ ಒಟ್ಟಿಗೇ ಕೆಲಸದಿಂದ ಮರಳಿದಾಗ, ಅವನು ಜಗಲಿಯಲ್ಲಿದ್ದ ಗೆಳತಿಗೆ "ಅಮ್ಮ ವನ್ನು, ಅಚ್ಛನ್ ವನ್ನು" ಎಂದು ಹೇಳಿ, ಮರುಕ್ಷಣವೇ ಹಾಸನದಿಂದ ಬಂದಿದ್ದ ನನ್ನ ತಾಯಿಯ ಕಡೆ ತಿರುಗಿ "ಅಜ್ಜೀ, ಅಮ್ಮ ಬಂದ್ಳು, ಅಪ್ಪ ಬಂದ್ರು" ಎಂದ.

ಇಂದಿನ ಮಲಯಾಳಂನಲ್ಲಿ ಕ್ರಿಯಾಪದಕ್ಕೆ ಲಿಂಗವೂ ಇಲ್ಲ, ವಚನವೂ ಇಲ್ಲ. ಯಾರು ಬಂದರೂ 'ವನ್ನು'. ಕನ್ನಡದಲ್ಲಿ ಬಂದವರು ಯಾರು, ಅವರಿಗೆ ಎಷ್ಟು ಮರ್ಯಾದೆ ಸಲ್ಲಬೇಕು ಎಂಬುದನ್ನು ತೀರ್ಮಾನಿಸದೆ ವಾಕ್ಯವೇ ಮುಗಿಯುವುದಿಲ್ಲ. ಆ ತೀರ್ಮಾನವನ್ನು ಮಗು ಕಲಿತದ್ದು ನಮ್ಮಿಂದಲೇ. "ಅಪ್ಪ ಬಂದ್ರು ನೋಡು" ಎಂದು ಅವಳು ಹೇಳುತ್ತಾಳೆ, "ಅಮ್ಮ ಬಂದ್ಳು ನೋಡು" ಎಂದು ನಾನು ಹೇಳುತ್ತೇನೆ. ಮೂರು ವರ್ಷದ ಹೊತ್ತಿಗೆ ಬಹುತೇಕ ಮಕ್ಕಳು ತಾವು ಹುಡುಗನೋ ಹುಡುಗಿಯೋ ಎಂದು ಹೇಳಬಲ್ಲರು. ಆ ಎರಡು ಗುಂಪುಗಳಲ್ಲಿ ಯಾವುದಕ್ಕೆ ಬಹುವಚನ ಸಲ್ಲುತ್ತದೆ ಎಂಬುದೂ ಅದೇ ವಯಸ್ಸಿನಲ್ಲಿ ನಾಲಿಗೆಗೆ ಹತ್ತಿಬಿಡುತ್ತದೆ.

ಏಕವಚನದಲ್ಲಿ ಪ್ರೀತಿ ಇದೆ, ದೇವರನ್ನೂ ನಾವು ನೀನು ಎಂದೇ ಕರೆಯುತ್ತೇವೆ ಎಂದು ಊರಿನ ಬಂಧುಗಳು ಹೇಳುತ್ತಾರೆ. ಅದು ನಿಜ, ಅಮ್ಮನನ್ನು ನೀನು ಎಂದೇ ಕರೆದು ಬೆಳೆದವನು ನಾನೂ. ಆದರೆ ಅದು ಬರೀ ಪ್ರೀತಿಯೇ ಆಗಿದ್ದರೆ ಅಪ್ಪನಿಗೆ ಆ ಪ್ರೀತಿಯನ್ನು ಅಷ್ಟೊಂದು ಮನೆಗಳಲ್ಲಿ ಏಕೆ ಕೊಡುವುದಿಲ್ಲ? ಹಬ್ಬದ ದಿನ ಮೊದಲ ಪಂಕ್ತಿಯಲ್ಲಿ ಗಂಡಸರು ಕೂತು, ಬಡಿಸಿದವರು ಕೊನೆಗೆ ಆರಿದ ಸಾರಿನೊಡನೆ ಉಣ್ಣುವುದನ್ನು ನೋಡುವ ಮಗುವಿಗೆ ಬಂದ್ಳು, ಬಂದ್ರು ಎಂಬ ವ್ಯತ್ಯಾಸ ಬರೀ ವ್ಯಾಕರಣವಾಗಿ ಉಳಿಯುವುದಿಲ್ಲ.

ಹಾಗೆಂದು ಕೇರಳದ ಮನೆಗಳಲ್ಲಿ ಸಮಾನತೆ ನೆಲೆಸಿದೆ ಎಂದು ನಾನು ಹೇಳಲಾರೆ. ನಮ್ಮ ವಠಾರದಲ್ಲಿಯೂ ಬೆಳಗಿನ ಅಡುಗೆಮನೆಯ ಸದ್ದು ಹೆಂಗಸರದ್ದೇ. ಕೇಂದ್ರ ಸರ್ಕಾರದ 2019ರ ಸಮಯ ಬಳಕೆ ಸಮೀಕ್ಷೆಯಂತೆ, ದೇಶದಲ್ಲಿ ಸಂಬಳವಿಲ್ಲದ ಮನೆಗೆಲಸ ಮಾಡುವ ಹೆಂಗಸರು ದಿನಕ್ಕೆ 299 ನಿಮಿಷ ಅದಕ್ಕೆ ಕೊಡುತ್ತಾರೆ, ಮಾಡುವ ಗಂಡಸರು 97 ನಿಮಿಷ. ಆದರೂ ಇಲ್ಲಿಯ ಸರ್ಕಾರ ಒಂದು ಒಳ್ಳೆಯ ಕೆಲಸ ಮಾಡಿದೆ. 2024ರಲ್ಲಿ ಬಂದ ಮೂರನೇ ತರಗತಿಯ ಹೊಸ ಪಠ್ಯಪುಸ್ತಕದಲ್ಲಿ ಅಪ್ಪ ಅಡುಗೆಮನೆಯಲ್ಲಿ ಕೂತು ತೆಂಗಿನಕಾಯಿ ತುರಿಯುವ ಚಿತ್ರವಿದೆ. ಆ ಚಿತ್ರದ ಕೆಳಗೆ ಉಪದೇಶ ಬೇಕಿಲ್ಲ. ತುರಿಮಣೆಯ ಮೇಲೆ ಅಪ್ಪನನ್ನು ಕೂರಿಸಿದ್ದೇ ಸಾಕು. ನೆರೆಮನೆಯ ಹುಡುಗಿ ಪುಸ್ತಕ ತಂದು ತೋರಿಸಿದಾಗ ನನ್ನ ಮಗ ಅದನ್ನು ಬಹಳ ಹೊತ್ತು ನೋಡಿ, "ಅಪ್ಪ, ನಿಮ್ಗೆ ಕಾಯಿ ತುರಿಯೋಕೆ ಬರಲ್ವಾ?" ಎಂದು ಕೇಳಿದ. ನನಗೆ ಬರುತ್ತಿತ್ತು, ಆದರೆ ನಾನು ತುರಿದದ್ದನ್ನು ಅವನು ಒಮ್ಮೆಯೂ ನೋಡಿರಲಿಲ್ಲ. ನಮ್ಮ ಕನ್ನಡ ಪಠ್ಯಪುಸ್ತಕಗಳ ಪುಟಗಳಲ್ಲಿಯೂ ಅಂಥ ಅಪ್ಪಂದಿರು ಧಾರಾಳವಾಗಿ ಕಾಣಿಸಬೇಕೆಂದು ನಾನು ಮನಸಾರೆ ಬಯಸುತ್ತೇನೆ.

ಈಗ ಭಾನುವಾರದ ಕಾಯಿ ನನ್ನದು. ಮಾತನ್ನು ತಿದ್ದಿಕೊಳ್ಳುವುದು ಅದಕ್ಕಿಂತ ಕಷ್ಟವಾಗಿದೆ. ಮೊನ್ನೆ ಹೆಂಡತಿ ಗೇಟು ತೆಗೆಯುವ ಸದ್ದು ಕೇಳಿ "ಅಮ್ಮ ಬಂದ್ರು ನೋಡು" ಎಂದೆ. ಮಗ ಆಟಿಕೆಯಿಂದ ತಲೆಯೆತ್ತಿ, ಅಮ್ಮನ ಜೊತೆ ಇನ್ಯಾರು ಬಂದರು ಎಂದು ಬಾಗಿಲ ಕಡೆ ನೋಡಿದ.