ನಡುಮನೆಯಲ್ಲಿ ಕೋಸಿ

ಮಿಕ್ಸೆಡ್ ಮೀಡಿಯಾ ಅಂದ್ರೆ ಏನು ಅಂತ ನಮ್ಮತ್ತೆ ಕೇಳಿದರು. "ಬಣ್ಣ, ಬಟ್ಟೆ, ದಾರ, ಮರಳು, ಕೈಗೆ ಸಿಕ್ಕಿದ್ದನ್ನೆಲ್ಲ ಒಂದೇ ಹಲಗೆಗೆ ಅಂಟಿಸೋದು ಅತ್ತೆ" ಅಂದೆ. "ನಮ್ಮ ಅಟ್ಟದ ಮೇಲಿರೋದೂ ಅದೇ ಅಲ್ಲೇನವ್ವ? ಅಂಟಿಸಿಲ್ಲ ಅಷ್ಟೇ" ಅಂದರು.

ಭಾನುವಾರದ ಚಿತ್ರಕಲೆ ಕ್ಲಾಸಿನಲ್ಲಿ ಕೊಟ್ಟ ವಿಷಯ 'ನದಿ'. ಎಲ್ಲರೂ ತುಂಗಭದ್ರೆಗೇ ಬಿದ್ದರು. ದಾವಣಗೆರೆಯಿಂದ ಹರಿಹರ ಎಷ್ಟು ದೂರ? ಸೇತುವೆ ಮೇಲೆ ನಿಂತು ನಾಲ್ಕು ಫೋಟೋ ತೆಗೆದರೆ ಅರ್ಧ ಕೆಲಸ ಮುಗೀತು. ನನಗೆ ದೊಡ್ಡಸ್ತಿಕೆ. ಉತ್ತರದ ಕೋಸಿ ನದಿಯನ್ನು ಆರಿಸಿಕೊಂಡೆ.

ಕೋಸಿ ಒಂದು ಕಡೆ ಕೂರುವ ಜಾತಿಯಲ್ಲ. ಹಿಮಾಲಯದ ಏಳು ಹೊಳೆ ಸೇರಿ, ನೇಪಾಳದಿಂದ ಬಿಹಾರಕ್ಕಿಳಿದು ಗಂಗೆಯನ್ನು ಸೇರುತ್ತದೆ. ಬೆಟ್ಟದಿಂದ ಹೊತ್ತು ತಂದ ಹೂಳನ್ನು ಬಯಲಲ್ಲಿ ಸುರಿದು, ತನ್ನ ಹಾದಿಯನ್ನು ತಾನೇ ಮುಚ್ಚಿಕೊಂಡು, ಆಮೇಲೆ ಪಕ್ಕಕ್ಕೆ ಜರುಗುತ್ತದೆ. ಹೀಗೆ ಸುಮಾರು 250 ವರ್ಷದಲ್ಲಿ ಪೂರ್ಣಿಯಾ ಕಡೆಯಿಂದ ಪಶ್ಚಿಮಕ್ಕೆ 120 ಕಿ.ಮೀ. ಸರಿದಿದೆ. ದಾವಣಗೆರೆಯಲ್ಲಿ ಮಲಗಿದ ಹೊಳೆ ಹಾವೇರಿಯನ್ನೂ ದಾಟಿ ಎದ್ದ ಹಾಗೆ!

ಈ ಹಳೇ ಹಾದಿಗಳನ್ನೆಲ್ಲ ಐದು ಎಳೆ ಉಲ್ಲನ್ನಿನಲ್ಲಿ ತೋರಿಸಬೇಕು ಅನ್ನೋದು ನನ್ನ ಲೆಕ್ಕ. ಪೂರ್ವಕ್ಕೆ ಮಾಸಿದ ನೀಲಿ, ಪಶ್ಚಿಮಕ್ಕೆ ಬರ್ತಾ ಕಡುನೀಲಿ. ಹೂಳಿಗೆ ಎಂ-ಸ್ಯಾಂಡು, ಪಕ್ಕದ ಸೈಟಿನ ಮೇಸ್ತ್ರಿ ಒಂದು ಬೊಗಸೆ ಕೊಟ್ಟು, "ಏನ್ ಕಟ್ತೀರಿ ಮೇಡಂ ಇಷ್ಟರಲ್ಲಿ?" ಅಂದ. ಒಡ್ಡಿಗೆ ಐಸ್‌ಕ್ರೀಮ್ ಕಡ್ಡಿ. ಹಿಮಾಲಯಕ್ಕೆ? ಈ ಊರಲ್ಲಿದ್ದುಕೊಂಡು ಯೋಚನೆ ಮಾಡ್ಬೇಕಾ, ಡಬ್ಬದ ತುಂಬ ಮಂಡಕ್ಕಿ ಇತ್ತು.

ಫೆವಿಕಾಲ್ ಜಾಸ್ತಿ ಗಟ್ಟಿಯಾಯ್ತು ಅಂತ ಒಂದು ಲೋಟ ನೀರು ಬೆರೆಸಿದೆ. ಎಲ್ಲ ಎಡವಟ್ಟಿಗೂ ಅದೇ ಮೂಲ. ಅರ್ಧ ಗಂಟೆಯಲ್ಲಿ ಎವರೆಸ್ಟ್ ಮೆತ್ತಗಾಗಿ ಕುಸಿದು ಕೂತಿತು. ಅತ್ತೆ ಬಗ್ಗಿ ನೋಡಿ, "ನೆನೆಸಿದ ಮಂಡಕ್ಕಿ ಸೂಸ್ಲಕ್ಕೆ ಅರಿಶಿನ ಹಾಕೋದು ಮರೆತೆಯಲ್ಲವ್ವ" ಅಂದರು.

ರಾತ್ರಿ ಓಡಾಡೋಕೆ ಅಡ್ಡ ಆಗುತ್ತೆ ಅಂತ ಹಲಗೆಯನ್ನು ಗೋಡೆಗೆ ಒರಗಿಸಿದೆ, ಪಶ್ಚಿಮದ ಅಂಚು ಕೆಳಗೆ. ಬೆಳಿಗ್ಗೆ ಎದ್ದು ನೋಡಿದರೆ ಐದೂ ಎಳೆ ಪಶ್ಚಿಮಕ್ಕೆ ಜಾರಿವೆ! ಒಂದು ಕ್ಷಣ ಮೈ ಜುಮ್ ಅಂತು. 250 ವರ್ಷದ ಕೆಲಸ ಒಂದೇ ರಾತ್ರಿಗೆ ಆಗಿತ್ತು. ಎಳೆಗಳನ್ನು ಮತ್ತೆ ಮೇಲೆತ್ತಿ, ಇನ್ನೊಂದು ಕೋಟ್ ಅಂಟು ಬಳಿದು ಒಣಗಲು ಬಿಟ್ಟು ಆಫೀಸಿಗೆ ಹೋದೆ. ನಮ್ಮೆಜಮಾನರು ಚಾರ್ಜರ್ ಹುಡುಕುತ್ತಾ ಹಲಗೆಯನ್ನು ಎತ್ತಿ, ತಲೆಕೆಳಗು ಮಾಡಿ ಇಟ್ಟಿದ್ದಾರೆ. ಸಂಜೆ ಹೊತ್ತಿಗೆ ಎಳೆಗಳು ಪೂರ್ವಕ್ಕೆ ಇಳಿದು, ಎರಡು ಕಡ್ಡಿ ಕಿತ್ತುಕೊಂಡು ಬಿದ್ದಿದ್ದವು.

ಬೈಯೋಣ ಅಂದ್ರೆ ಅದೂ ಚರಿತ್ರೆಯೇ. 2008ರ ಆಗಸ್ಟ್ 18ರಂದು ನೇಪಾಳದ ಕುಸಹಾದಲ್ಲಿ ಒಡ್ಡು ಒಡೆದು, ಕೋಸಿ ಪೂರ್ವದ ತನ್ನ ಹಳೇ ಹಾದಿಗೇ ನುಗ್ಗಿತ್ತು. ಬಿಹಾರದಲ್ಲಿ ಲಕ್ಷಗಟ್ಟಲೆ ಜನ ಮನೆ ಬಿಟ್ಟರು. ಅದು ನೆನಪಾಗಿ ಬಾಯಿಗೆ ಬಂದ ಬೈಗುಳ ನುಂಗಿದೆ. ಇವರು ಚಾರ್ಜರ್ ಸಿಕ್ತು ಅಂತ ಖುಷಿಯಲ್ಲಿದ್ದರು.

ಕೊನೆಗೆ ನೀರು ಬೆರೆಸದ ಫೆವಿಕಾಲ್ ಹಾಕಿ, ಹಲಗೆಯನ್ನು ಮಂಚದ ಕೆಳಗೆ ಮಲಗಿಸಿ ಒಣಗಿಸಿದ್ದಾಯ್ತು. ಅಷ್ಟರಲ್ಲಿ ಹಿಮಾಲಯದ ಅರ್ಧ ಇರುವೆ ಪಾಲು. ಉಲ್ಲನ್ ಸಾಲದೆ ಹೊಳೆ ಗಂಗೆ ಮುಟ್ಟುವ ಮೊದಲೇ ಮುಗಿದಿತ್ತು. ಆದರೂ ಮೊಳೆ ಹೊಡೆದು ನಡುಮನೆಯಲ್ಲಿ ತೂಗುಹಾಕಿದೆ.

ಮೊನ್ನೆ ಊರಿಂದ ದೊಡ್ಡಮಾವ ಬಂದಿದ್ದರು. ಭತ್ತದ ಗದ್ದೆಯವರು. ಕಾಫಿ ಲೋಟ ಹಿಡಿದು ಚಿತ್ರದ ಮುಂದೆ ತುಂಬ ಹೊತ್ತು ನಿಂತರು. ನೀಲಿ ಎಳೆ ನಿಂತುಹೋದ ಜಾಗಕ್ಕೆ ಬೆರಳಿಟ್ಟರು.

"ಭದ್ರಾ ಚಾನಲ್ ಅಲ್ಲೇನವ್ವ ಇದು? ಕೊನೇ ಭಾಗಕ್ಕೆ ನೀರು ಬರಲ್ಲ ಅನ್ನೋದನ್ನ ಸರಿಯಾಗಿ ತೋರ್ಸೀಯ ನೋಡು" ಅಂದರು.

ಹೌದು ಮಾವ ಅಂದೆ.