ಕಂಬದ ಮೇಲಿರುವುದೆಲ್ಲ ಕರೆಂಟ್ ತಂತಿಯಲ್ಲ

ಮೈಸೂರಿನಲ್ಲಿ ವಿದ್ಯುತ್ ಲೈನ್ ನೆಲದಡಿ ಹೋದರೆ ಜೋತಾಡುವ ವೈರುಗಳೆಲ್ಲ ಮಾಯ, ಕರೆಂಟೂ ಹೋಗುವುದಿಲ್ಲ ಎಂಬ ಸಂದೇಶ ವಾಟ್ಸಾಪ್‌ನಲ್ಲಿ ಓಡಾಡುತ್ತಿದೆ. ಎರಡೂ ಸರಿಯಲ್ಲ.

ಕೈಗೆಟುಕುವಂತೆ ಜೋತುಬಿದ್ದ ಕಪ್ಪು ವೈರುಗಳು ಬಹುಪಾಲು ಟಿವಿ ಕೇಬಲ್, ಇಂಟರ್‌ನೆಟ್‌ನವರವು. ಮೈಸೂರಿಗೆ ವಿದ್ಯುತ್ ಪೂರೈಸುವ ಕಂಪನಿ ಸೆಸ್ಕ್ ತನ್ನ ಲೈನ್ ಹೂತರೂ ಅವು ತಾವಾಗಿ ಇಳಿಯವು. ಅವಕ್ಕೂ ಕೊಳವೆ ಬೇಕು, ರಸ್ತೆ ಅಗೆಯಲು ಪಾಲಿಕೆಯ ಅನುಮತಿ ಬೇಕು.

ನೆಲದಡಿಯ ಕೇಬಲ್‌ಗೆ ಮಳೆಗಾಳಿಯ, ಮುರಿದುಬೀಳುವ ಕೊಂಬೆಗಳ ಕಾಟ ಕಡಿಮೆ, ನಿಜ. ಆದರೆ ಜಾಯಿಂಟ್ ಕೆಟ್ಟರೆ, ಜೆಸಿಬಿ ತಗುಲಿದರೆ, ದೋಷ ಎಲ್ಲಿದೆಯೆಂದು ಪತ್ತೆಹಚ್ಚಿ, ಅಗೆದು, ಸರಿಪಡಿಸಲು ಹೆಚ್ಚು ಹೊತ್ತು ಬೇಕು. ಖರ್ಚೂ ಹಲವು ಪಟ್ಟು. ಅದಕ್ಕೇ ಜನಜಂಗುಳಿಯ, ಕಟ್ಟಡಕ್ಕೂ ತಂತಿಗೂ ಅಂತರವೇ ಇಲ್ಲದ ಇಕ್ಕಟ್ಟಾದ ಬೀದಿಗಳಿಗೆ ಮೊದಲ ಆದ್ಯತೆ ಸಿಗಬೇಕು. ಸಾಲುಮರಗಳ ರಸ್ತೆಯಲ್ಲಿ ಹೊದಿಕೆಯಿರುವ ತಂತಿಯೇ ಸಾಕಾಗಬಹುದು; ಬೇರು ಕಡಿದು ಕೇಬಲ್ ಹೂಳುವುದಕ್ಕೆ ನನ್ನ ಒಪ್ಪಿಗೆಯಿಲ್ಲ.